ವಿಜ್ಞಾನತಪಸ್ವಿ ಚಾರ್ಲ್ಸ್ ಡಾರ್ವಿನ್ ಮತ್ತು ಆಮೆಗಳ ದ್ವೀಪಗಳು

ಮಹಾಪುರುಷರ ಚರಿತ್ರೆಗಳನ್ನು ಬರೆಯುವವರು ಅವರ ಗೆಲವುಗಳನ್ನು ಎತ್ತಿ ಹೇಳಿ, ಎಡವಿದ ಸ್ಥಳಗಳನ್ನು ಮರೆಮಾಡುವುದು ಲೋಕರೂಢಿ. ಆದರೆ ಕಲಿಯುವವರಿಗೂ ಕಲಿಸುವವರಿಗೂ ಹೆಚ್ಚು ಉಪಕಾರಿಯಾದುದು, ಪ್ರಾಮಾಣಿಕನಾದ ಜ್ಞಾನಾರ್ಥಿಯೊಬ್ಬನು ತಾನು ಎಡವಿದುದನ್ನು ತಾನೇ ಕಂಡುಕೊಂಡು, ಅದನ್ನು ಲೋಕದ ಮುಂದೆ ಒಪ್ಪಿಕೊಂಡು, ವರ್ಷಗಟ್ಟಲೆ ದುಡಿದು ತಿದ್ದಿಕೊಂಡ ಬಗೆ. ಜೀವವಿಕಾಸ ಸಿದ್ಧಾಂತದ ಪ್ರವರ್ತಕರೆಂದು ಜಗದ್ವಿಖ್ಯಾತರಾದ ಚಾರ್ಲ್ಸ್ ಡಾರ್ವಿನ್ನರ ಜೀವಿತವು ಅಂತಹ ಒಂದು ಚರಿತ್ರೆ. ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ ಶಾಂತಸಾಗರದ ನಡುವಣ ಬೆಂಕಿಬೆಟ್ಟಗಳ ದ್ವೀಪಗಳಲ್ಲಿ ಒಂದು ಮಹಾಸತ್ಯದ ಸಾಕ್ಷ್ಯವು ಆಮೆಯ ರೂಪದಲ್ಲಿ ಅವರ ಕಣ್ಣೆದುರಿಗೇ ಹರಿದಾಡುತ್ತಿತ್ತು. ಅವರು ಅದರ ಮೇಲೆ ಕುಳಿತು ಸವಾರಿ ಮಾಡಿದರು, ಅದರ ಮಾಂಸವನ್ನು ಉಂಡರು, ಅದರ ನಡಿಗೆಯ ವೇಗವನ್ನು ಅಳೆದರು. ಅದು ಹೇಳುತ್ತಿದ್ದುದನ್ನು ಮಾತ್ರ ಆಗ ಗ್ರಹಿಸಲಿಲ್ಲ. ಹೀಗೆ ಕೈತಪ್ಪಿದುದನ್ನು ಮರಳಿ ಕೈವಶಮಾಡಿಕೊಂಡು ಗ್ರಂಥರೂಪಕ್ಕೆ ತರಲು ಅವರಿಗೆ ಇಪ್ಪತ್ತನಾಲ್ಕು ವರ್ಷಗಳು ಹಿಡಿದವು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡಾರ್ವಿನ್ನರು ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ ೧೮೦೯ನೆಯ ಇಸವಿ ಫೆಬ್ರವರಿ ೧೨ರಂದು ಜನಿಸಿದರು. ತಂದೆ ರಾಬರ್ಟ್ ಡಾರ್ವಿನ್ನರು ಹೆಸರಾಂತ ವೈದ್ಯರು. ತಾತ ಎರಾಸ್ಮಸ್ ಡಾರ್ವಿನ್ನರು ವೈದ್ಯರೂ ಕವಿಗಳೂ ಆಗಿದ್ದವರು. ತಾಯಿ ಸುಸಾನಾ ಪಿಂಗಾಣಿ ಪಾತ್ರೆಗಳ ತಯಾರಿಕೆಗೆ ಪ್ರಸಿದ್ಧವಾದ ವೆಜ್‌ವುಡ್ ಮನೆತನದವರು. ಎಂಟನೆಯ ವಯಸ್ಸಿನಲ್ಲಿಯೇ ಬಾಲಕನು ಮಾತೃವಿಯೋಗವನ್ನು ಅನುಭವಿಸಬೇಕಾಯಿತು. ಊರಿನ ಶಾಲೆಯಲ್ಲಿ ಪ್ರಾಚೀನ ಭಾಷೆಗಳ ಪದ್ಯಗಳನ್ನು ಉರುಹೊಡೆಯುವುದೇ ವಿದ್ಯೆಯಾಗಿದ್ದಿತು. ಕಂಠಪಾಠ ಮಾಡಿದ ಪದ್ಯಗಳು ಎರಡು ದಿನಗಳಲ್ಲಿ ಮರೆತುಹೋಗುತ್ತಿದ್ದವು. ಚಿಪ್ಪು, ಕಲ್ಲು, ಕೀಟಗಳನ್ನು ಕೂಡಿಹಾಕುವುದರಲ್ಲಿ ಹುಡುಗನಿಗಿದ್ದ ಆಸಕ್ತಿಯನ್ನು ಉಪಾಧ್ಯಾಯರಾಗಲಿ ತಂದೆಯಾಗಲಿ ವಿದ್ಯೆಯೆಂದು ಎಣಿಸಲಿಲ್ಲ.

೧೮೨೫ರಲ್ಲಿ ವೈದ್ಯವಿದ್ಯೆಯನ್ನು ಕಲಿಯಲೆಂದು ಡಾರ್ವಿನ್ನರನ್ನು ಎಡಿನ್‌ಬರೋ ನಗರಕ್ಕೆ ಕಳುಹಿಸಲಾಯಿತು. ಅರಿವಳಿಕೆಯ ಔಷಧಗಳು ಇನ್ನೂ ಬಾರದಿದ್ದ ಆ ಕಾಲದಲ್ಲಿ ಮಗುವೊಂದಕ್ಕೆ ನಡೆದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಅವರು ಹೊರಗೋಡಿದರು. ವೈದ್ಯವೃತ್ತಿಯ ಆಸೆ ಅಲ್ಲಿಗೆ ಮುಗಿಯಿತು. ಆದರೂ ಆ ನಗರವಾಸವು ವ್ಯರ್ಥವಾಗಲಿಲ್ಲ. ದಕ್ಷಿಣ ಅಮೆರಿಕೆಯ ಗಯಾನಾದಲ್ಲಿ ಗುಲಾಮನಾಗಿದ್ದು ತರುವಾಯ ಬಿಡುಗಡೆ ಹೊಂದಿದ ಜಾನ್ ಎಡ್‌ಮನ್‌ಸ್ಟನ್ ಎಂಬಾತನು ಅಲ್ಲಿ ಪಕ್ಷಿಗಳ ಚರ್ಮವನ್ನು ಹದಮಾಡಿ ತುಂಬಿ ಕೆಡದಂತೆ ಇಡುವ ವಿದ್ಯೆಯಿಂದ ಜೀವಿಸುತ್ತಿದ್ದನು. ಡಾರ್ವಿನ್ನರು ಆತನಲ್ಲಿ ಶುಲ್ಕ ತೆತ್ತು ಪಾಠ ಹೇಳಿಸಿಕೊಂಡರು. ಮುಂದೆ ಸಾವಿರಾರು ಮೈಲಿಗಳ ಆಚೆ ಅವರಿಗೆ ಉಪಯೋಗಕ್ಕೆ ಬಂದುದು ಈ ಕರಿಯ ಗುರುವಿನಿಂದ ಕಲಿತ ಕೈಚಳಕ.

ಗುರುವಿನ ಉಪಕಾರ

ಮಗನು ವೈದ್ಯನಾಗದಿದ್ದರೆ ಪಾದ್ರಿಯಾದರೂ ಆಗಲೆಂದು ತಂದೆಯು ೧೮೨೮ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದರು. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಸ್ಟೀವನ್ಸ್ ಹೆನ್‌ಸ್ಲೋ ಅವರ ಸಹವಾಸವು ಡಾರ್ವಿನ್ನರ ಜೀವನದ ದಿಕ್ಕನ್ನೇ ಬದಲಿಸಿತು. ಗುರುಶಿಷ್ಯರು ದಿನವೂ ಜೊತೆಯಾಗಿ ನಡೆದಾಡುತ್ತಿದ್ದುದರಿಂದ ಹೆನ್‌ಸ್ಲೋ ಅವರೊಡನೆ ನಡೆಯುವವನೆಂದೇ ಜನರು ಶಿಷ್ಯನನ್ನು ಗುರುತಿಸುತ್ತಿದ್ದರಂತೆ. ಹೆನ್‌ಸ್ಲೋ ಅವರು ಒಂದೇ ಜಾತಿಯ ಗಿಡದ ಅನೇಕ ಮಾದರಿಗಳನ್ನು ಬೇರೆ ಬೇರೆ ಸ್ಥಳಗಳಿಂದ ತಂದು, ಪ್ರತಿಯೊಂದಕ್ಕೂ ಸ್ಥಳ ಮತ್ತು ದಿನಾಂಕಗಳನ್ನು ಬರೆದು, ಒಂದೇ ಹಾಳೆಯ ಮೇಲೆ ಸಾಲಾಗಿ ಅಂಟಿಸುತ್ತಿದ್ದರು. ಒಂದು ಜಾತಿಯೊಳಗೆ ಎಷ್ಟು ವ್ಯತ್ಯಾಸ ಸಾಧ್ಯವೆಂಬುದನ್ನು ಕಣ್ಣಾರೆ ತೋರಿಸುವ ಕ್ರಮವದು. ವಸ್ತುವನ್ನು ತಂದರೆ ಸಾಲದು, ಅದು ಎಲ್ಲಿಯದೆಂಬುದನ್ನೂ ತರಬೇಕು ಎಂಬ ಈ ಪಾಠದ ಬೆಲೆ ಶಿಷ್ಯರಿಗೆ ಪೂರ್ಣವಾಗಿ ತಿಳಿದದ್ದು ಒಮ್ಮೆ ಅದನ್ನು ಮರೆತ ಮೇಲೆ.

೧೮೩೧ರಲ್ಲಿ ಪದವಿ ಮುಗಿದ ಕೆಲವು ತಿಂಗಳಲ್ಲಿ ಹೆನ್‌ಸ್ಲೋ ಅವರಿಂದ ಒಂದು ಓಲೆ ಬಂದಿತು. ದಕ್ಷಿಣ ಅಮೆರಿಕೆಯ ಕರಾವಳಿಯನ್ನು ಮೋಜಣಿ ಮಾಡಲು ಹೊರಟಿದ್ದ ಬೀಗಲ್ ಎಂಬ ನೌಕೆಯ ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್ ಅವರಿಗೆ ಪ್ರಕೃತಿಶಾಸ್ತ್ರ ಬಲ್ಲ ಸಂಗಾತಿಯೊಬ್ಬನು ಬೇಕಾಗಿದ್ದನು. ತಂದೆ ಒಪ್ಪಲಿಲ್ಲ. ಸೋದರಮಾವ ಜೋಸೈಯ ವೆಜ್‌ವುಡ್ಡರು ನಡುವೆ ಬಂದು ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರವಿತ್ತ ತರುವಾಯ ಅನುಮತಿ ದೊರೆಯಿತು. ೧೮೩೧ರ ಡಿಸೆಂಬರ್ ೨೭ರಂದು ನೌಕೆ ಪ್ಲಿಮತ್ ಬಂದರನ್ನು ಬಿಟ್ಟಿತು. ಎರಡು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಯಾತ್ರೆ ಐದು ವರ್ಷಗಳಷ್ಟು ಬೆಳೆಯಿತು. ಕಡಲಬೇನೆಯಿಂದ ಮೊದಲಿನಿಂದ ಕೊನೆಯವರೆಗೂ ನರಳುತ್ತ ಡಾರ್ವಿನ್ನರು ಬ್ರೆಜಿಲಿನ ಕಾಡುಗಳನ್ನೂ ಅರ್ಜೆಂಟೀನಾದ ಬಯಲುಗಳನ್ನೂ ಆಂಡಿಸ್ ಪರ್ವತಗಳನ್ನೂ ಕಂಡರು. ೧೮೩೫ರ ಫೆಬ್ರವರಿಯಲ್ಲಿ ಚಿಲಿ ದೇಶದಲ್ಲಿ ಸಂಭವಿಸಿದ ಭೂಕಂಪದಿಂದ ನೆಲವು ಅಡಿಗಟ್ಟಲೆ ಮೇಲೆದ್ದುದನ್ನು ನೋಡಿದ ಅವರಿಗೆ, ಭೂಮಿಯು ಅಲ್ಪ ಅಲ್ಪವಾಗಿ ನಿತ್ಯವೂ ಬದಲಾಗುತ್ತಿರುವುದೆಂಬ ಭೂಗರ್ಭಶಾಸ್ತ್ರಜ್ಞ ಚಾರ್ಲ್ಸ್ ಲೈಯಲ್ಲರ ವಾದವು ಮನದಟ್ಟಾಯಿತು. ಅದೇ ವರ್ಷದ ಸೆಪ್ಟೆಂಬರ್ ಮಧ್ಯಭಾಗದಲ್ಲಿ ನೌಕೆಯು ಗಲಾಪಗೋಸ್ ದ್ವೀಪಗಳನ್ನು ತಲುಪಿತು.

ಅಗ್ನಿಪರ್ವತಗಳ ದ್ವೀಪಸ್ತೋಮ

ದಕ್ಷಿಣ ಅಮೆರಿಕೆಯ ಈಕ್ವೆಡಾರ್ ದೇಶದ ದಡದಿಂದ ಪಶ್ಚಿಮಕ್ಕೆ ಸುಮಾರು ೧,೦೦೦ ಕಿಲೋಮೀಟರ್ ದೂರದಲ್ಲಿ, ಭೂಮಧ್ಯರೇಖೆಯ ಎಡಬಲಗಳಲ್ಲಿ ಚದುರಿರುವ ಈ ದ್ವೀಪಗಳು ಸಮುದ್ರತಳದಿಂದೆದ್ದ ಜ್ವಾಲಾಮುಖಿಗಳ ಶಿಖರಗಳು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು ೩೦೦ ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಎಣಿಸುತ್ತಾರೆ. ಕೋಗಿಲು, ಯಲಹಂಕಗಳ ಗಟ್ಟಿ ನೆಲವೂ ಅದೇ ಪುರಾತನ ಶಿಲಾಪೀಠದ ಭಾಗ. ಅದಕ್ಕೆ ಹೋಲಿಸಿದರೆ ಗಲಾಪಗೋಸ್ ದ್ವೀಪಗಳು ನಿನ್ನೆ ಹುಟ್ಟಿದ ಕೂಸುಗಳು. ಈಗ ನೀರಿನ ಮೇಲಿರುವ ದ್ವೀಪಗಳಲ್ಲಿ ಹಳೆಯವಕ್ಕೂ ವಯಸ್ಸು ಕೆಲವು ದಶಲಕ್ಷ ವರ್ಷಗಳನ್ನು ಮೀರದು. ಪಶ್ಚಿಮದ ದ್ವೀಪಗಳಲ್ಲಿ ಇಂದಿಗೂ ಆಗಾಗ ಬೆಂಕಿ ಉಕ್ಕುತ್ತದೆ. ೧೫೩೫ರಲ್ಲಿ ಪನಾಮದ ಬಿಷಪ್ ತೊಮಾಸ್ ದ ಬೆರ್ಲಾಂಗ ಎಂಬವರ ಹಡಗು ಗಾಳಿಯಿಲ್ಲದೆ ಪ್ರವಾಹಕ್ಕೆ ಸಿಕ್ಕಿ ಇಲ್ಲಿಗೆ ಬಂದಾಗ ಈ ದ್ವೀಪಗಳು ಹೊರಲೋಕಕ್ಕೆ ತಿಳಿದವು. ಗಲಾಪಗೋ ಎಂಬುದು ಆಮೆಯನ್ನು ಸೂಚಿಸುವ ಸ್ಪಾನಿಷ್ ಶಬ್ದ. ಆಮೆಗಳ ದ್ವೀಪಗಳೆಂಬ ಹೆಸರು ಅನ್ವರ್ಥವಾದುದು.

ಇಂತಹ ಒಂಟಿ ನೆಲಕ್ಕೆ ಹೊರಗಿನಿಂದ ಬಂದು ಸೇರಬಲ್ಲ ಪ್ರಾಣಿಗಳು ವಿರಳ. ಡಾರ್ವಿನ್ನರು ಅಲ್ಲಿ ಒಂದು ಕಪ್ಪೆಯನ್ನೂ ಕಾಣಲಿಲ್ಲ. ಕಪ್ಪೆಯ ತೆಳುಚರ್ಮಕ್ಕೂ ಮೊಟ್ಟೆಗೂ ಉಪ್ಪುನೀರು ಮಾರಕ. ಹುರುಪೆಯುಳ್ಳ ಚರ್ಮದ, ತೊಗಲಿನಂತಹ ಹೊದಿಕೆಯ ಮೊಟ್ಟೆಯಿಡುವ, ಬಹುಕಾಲ ಉಪವಾಸವಿರಬಲ್ಲ ಸರೀಸೃಪಗಳಾದರೆ ತೇಲುವ ಮರಗಿಡಗಳ ಮೇಲೆ ಸಾಗರವನ್ನು ದಾಟಬಲ್ಲವು. ಆದುದರಿಂದ, ಬೇರೆಡೆ ದನಕರು ಜಿಂಕೆಗಳು ವಹಿಸುವ ಪಾತ್ರವನ್ನು ಈ ದ್ವೀಪಗಳಲ್ಲಿ ಆಮೆಗಳೂ ಉಡದಷ್ಟು ದೊಡ್ಡ ಓತಿಗಳೂ ವಹಿಸಿದವು; ಕಾಡುದಾರಿಗಳು ಕೂಡ ಆಮೆಗಳು ತುಳಿದು ಮಾಡಿದವೇ.

ಈ ಆಮೆಗಳಲ್ಲಿ ದೊಡ್ಡವು ೨೫೦ ಕಿಲೋಗ್ರಾಮಿಗೂ ಹೆಚ್ಚು ತೂಗಿ, ನೂರು ವರ್ಷಕ್ಕೂ ಮೀರಿ ಬಾಳುತ್ತವೆ. ತಗ್ಗಿನ ಒಣನೆಲದಿಂದ ಎತ್ತರದ ಬುಗ್ಗೆಗಳವರೆಗೆ ಸವೆದ ದಾರಿಗಳಲ್ಲಿ ಆಮೆಗಳು ಸಾಲುಗಟ್ಟಿ ಹೋಗುವುದನ್ನೂ, ತಲೆಯನ್ನು ಕಣ್ಣಿನವರೆಗೆ ನೀರಿನಲ್ಲಿ ಮುಳುಗಿಸಿ ಗುಟುಕು ಗುಟುಕಾಗಿ ಕುಡಿಯುವುದನ್ನೂ ಡಾರ್ವಿನ್ನರು ವಿವರವಾಗಿ ಬರೆದಿಟ್ಟರು. ಗಡಿಯಾರ ಹಿಡಿದು ಜೊತೆಯಲ್ಲಿ ನಡೆದು, ಹತ್ತು ನಿಮಿಷಕ್ಕೆ ಅರವತ್ತು ಗಜದಂತೆ ದಿನಕ್ಕೆ ನಾಲ್ಕು ಮೈಲಿಗಳ ಗತಿಯನ್ನು ಲೆಕ್ಕಹಾಕಿದರು. ಬೆನ್ನೇರಿ ಚಿಪ್ಪನ್ನು ತಟ್ಟಿದರೆ ಎದ್ದು ನಡೆಯುವ ಈ ವಾಹನದ ಮೇಲೆ ಸಮತೋಲ ಕಾಯ್ದುಕೊಳ್ಳುವುದು ಅವರಿಗೆ ಕಷ್ಟವಾಯಿತು.

ಕಡಲಂಚಿನ ಕರಿಯ ಬಂಡೆಗಳ ಮೇಲೆ ನೂರಾರು ಕಪ್ಪು ಓತಿಗಳು ಬಿಸಿಲು ಕಾಯಿಸುತ್ತ ಬಿದ್ದಿರುತ್ತಿದ್ದವು. ಇಗ್ವಾನಾ ಎಂದು ಕರೆಯಲ್ಪಡುವ ಈ ಜಾತಿಯು ಸಮುದ್ರದೊಳಕ್ಕೆ ಮುಳುಗಿ ಪಾಚಿಯನ್ನು ಮೇಯುತ್ತದೆ. ಹೀಗೆ ಕಡಲಿನಿಂದಲೇ ಆಹಾರ ಪಡೆದು ಬಾಳುವ ಓತಿ ಲೋಕದಲ್ಲಿ ಇದೊಂದೇ. ದೇಹಕ್ಕೆ ಸೇರಿದ ಹೆಚ್ಚಿನ ಉಪ್ಪನ್ನು ಮೂಗಿನ ಗ್ರಂಥಿಗಳಿಂದ ಸೀನಿ ಹೊರಹಾಕುವುದರಿಂದ ಇದರ ತಲೆಯ ಮೇಲೆ ಬಿಳಿಯ ಉಪ್ಪು ಕಟ್ಟಿರುತ್ತದೆ. ನಾವಿಕನೊಬ್ಬನು ಇಂತಹ ಒಂದನ್ನು ಭಾರ ಕಟ್ಟಿ ನೀರಿಗಿಳಿಸಿ, ಒಂದು ಗಂಟೆಯ ತರುವಾಯ ಎಳೆದಾಗ ಅದು ಜೀವಂತವಾಗಿ ಚುರುಕಾಗಿಯೇ ಇದ್ದಿತು. ಡಾರ್ವಿನ್ನರು ಒಂದು ಓತಿಯನ್ನು ಹಿಡಿದು ನೀರಿನ ಮಡುವಿಗೆ ಮತ್ತೆ ಮತ್ತೆ ಎಸೆದರು. ಅದು ಪ್ರತಿಸಲವೂ ಈಜಿ ಅವರು ನಿಂತಿದ್ದ ಕಡೆಗೇ ಮರಳಿತು. ನೆಲದ ಮೇಲೆ ಶತ್ರುವನ್ನೇ ಕಾಣದ, ಕಡಲಲ್ಲಿ ಮಾತ್ರ ಶಾರ್ಕ್ ಮೀನಿಗೆ ಹೆದರಿದ ವಂಶಪರಂಪರೆಯ ಅಭ್ಯಾಸವಿದೆಂದು ಅವರು ಊಹಿಸಿದರು. ನೆಲದಲ್ಲಿ ಬಿಲ ತೋಡಿ ವಾಸಿಸುವ ಹಳದಿಯ ಇಗ್ವಾನಾಗಳಂತೂ ಸಾಂಟಿಯಾಗೊ ದ್ವೀಪದಲ್ಲಿ ಡೇರೆ ಹೊಡೆಯಲು ಬಿಲವಿಲ್ಲದ ಜಾಗ ಸಿಗದಷ್ಟು ತುಂಬಿದ್ದವು.

ಕೈತಪ್ಪಿದ ಸಾಕ್ಷ್ಯ

ಐದು ವಾರಗಳಲ್ಲಿ ಡಾರ್ವಿನ್ನರು ನಾಲ್ಕು ದ್ವೀಪಗಳಲ್ಲಿ ಇಳಿದರು. ಅವುಗಳಲ್ಲಿ ಒಂದಾದ ಫ್ಲೋರಿಯಾನಾದಲ್ಲಿ ಈಕ್ವೆಡಾರಿನಿಂದ ಗಡಿಪಾರಾದ ಇನ್ನೂರು ಮುನ್ನೂರು ಜನರ ನೆಲೆಯಿದ್ದಿತು. ಆ ಜನರ ಮುಖ್ಯ ಮಾಂಸಾಹಾರವೇ ಆಮೆ. ಅಲ್ಲಿನ ಆಡಳಿತ ನೋಡಿಕೊಳ್ಳುತ್ತಿದ್ದ ಉಪರಾಜ್ಯಪಾಲ ನಿಕೊಲಸ್ ಲಾಸನ್ ಎಂಬವರು ಮಾತಿನ ನಡುವೆ ಒಂದು ಸಂಗತಿಯನ್ನು ತಿಳಿಸಿದರು: ಒಂದೊಂದು ದ್ವೀಪದ ಆಮೆಯೂ ಬೇರೆ ಬೇರೆ ಬಗೆಯದು; ಯಾವುದೇ ಆಮೆಯನ್ನು ತಂದು ತೋರಿಸಿದರೂ ಅದು ಯಾವ ದ್ವೀಪದ್ದೆಂದು ತಾವು ನಿಶ್ಚಯವಾಗಿ ಹೇಳಬಲ್ಲೆವೆಂಬುದು ಅವರ ಮಾತಿನ ತಾತ್ಪರ್ಯ.

ಲಾಸನ್ನರು ವಿಜ್ಞಾನಿಯಲ್ಲ. ನಿತ್ಯದ ವ್ಯವಹಾರದಿಂದ ಕಂಡುಕೊಂಡ ಲೋಕಜ್ಞಾನ ಅವರದು. ಡಾರ್ವಿನ್ನರು ಆ ಮಾತಿಗೆ ಆಗ ತಕ್ಕಷ್ಟು ಬೆಲೆ ಕೊಡಲಿಲ್ಲ. ಐವತ್ತು ಅರವತ್ತು ಮೈಲಿಗಳ ಅಂತರದಲ್ಲಿ ಒಂದಕ್ಕೊಂದು ಕಾಣಿಸುವಂತಿರುವ, ಒಂದೇ ಬಗೆಯ ಕಲ್ಲಿನಿಂದಾದ, ಒಂದೇ ಹವೆಯುಳ್ಳ ದ್ವೀಪಗಳಲ್ಲಿ ಬೇರೆ ಬೇರೆ ಜೀವಿಗಳಿರಬಹುದೆಂಬ ಕಲ್ಪನೆಯೇ ಅವರಿಗೆ ಬಂದಿರಲಿಲ್ಲ. ಈ ಕಾರಣದಿಂದ ಎರಡು ದ್ವೀಪಗಳಿಂದ ಸಂಗ್ರಹಿಸಿದ ಹಕ್ಕಿಗಳಲ್ಲಿ ಕೆಲವನ್ನು ಅದಾಗಲೇ ಒಂದೇ ರಾಶಿಗೆ ಬೆರೆಸಿಬಿಟ್ಟಿದ್ದರು. ಆಹಾರಕ್ಕಾಗಿ ನೌಕೆಗೆ ತುಂಬಿಸಿದ್ದ ಸುಮಾರು ೩೦ ದೊಡ್ಡ ಆಮೆಗಳು ಮುಂದಿನ ಪಯಣದಲ್ಲಿ ಊಟಕ್ಕೆ ಸಂದವು. ಅವುಗಳ ಚಿಪ್ಪುಗಳು ಅಡುಗೆಮನೆಯ ಕಸದೊಡನೆ ಸಮುದ್ರದ ಪಾಲಾದವು. ತವರಿಗೆ ತಲುಪಿದ ಕೆಲವು ಮರಿಯಾಮೆಗಳು ವ್ಯತ್ಯಾಸ ತೋರದಷ್ಟು ಎಳೆಯವು.

ಸ್ಥಳದ ಹೆಸರು ತಪ್ಪಿದರೆ ಶಾಸ್ತ್ರವೇ ತಪ್ಪುವುದೆಂಬುದಕ್ಕೆ ಇನ್ನೊಂದು ನಿದರ್ಶನವೂ ಇದೆ. ಸಮುದ್ರದ ಇಗ್ವಾನಾವನ್ನು ವಿದ್ವಲ್ಲೋಕಕ್ಕೆ ಮೊದಲು ಪರಿಚಯಿಸಿದವರು ಥಾಮಸ್ ಬೆಲ್ ಎಂಬ ಪ್ರಾಣಿಶಾಸ್ತ್ರಜ್ಞರು. ೧೮೨೫ರಲ್ಲಿ ಅವರ ಕೈಸೇರಿದ್ದುದು ಮೆಕ್ಸಿಕೋದಿಂದ ಬಂದ ತುಂಬಿದ ಚರ್ಮ. ಅದರ ನಿಜವಾದ ನೆಲೆ ಗಲಾಪಗೋಸ್ ಎಂಬುದು ಸ್ಪಷ್ಟವಾಗುವವರೆಗೆ ಅದು ಮೆಕ್ಸಿಕೋದ ಪ್ರಾಣಿಯೆಂದೇ ಎಣಿಕೆಯಾಗಿದ್ದಿತು.

ತಪ್ಪನ್ನು ತಿದ್ದಿಕೊಂಡ ಬಗೆ

೧೮೩೬ರ ಅಕ್ಟೋಬರ್ ೨ರಂದು ನೌಕೆ ಇಂಗ್ಲೆಂಡಿಗೆ ಮರಳಿತು. ಮರಳುವ ದಾರಿಯಲ್ಲಿಯೇ ಡಾರ್ವಿನ್ನರ ಮನಸ್ಸಿನಲ್ಲಿ ಸಂಶಯ ಮೊಳೆತಿದ್ದಿತು. ಅಣಕುಹಕ್ಕಿಗಳನ್ನು ಮಾತ್ರ ಅವರು ದ್ವೀಪವಾರು ಗುರುತಿಸಿ ಇಟ್ಟಿದ್ದರು. ಅವು ದ್ವೀಪದಿಂದ ದ್ವೀಪಕ್ಕೆ ಬೇರೆಯಾಗಿರುವುದನ್ನು ಗಮನಿಸಿ, ಆಮೆಗಳ ಬಗೆಗೆ ಕೇಳಿದ್ದ ಮಾತನ್ನು ನೆನೆದು, ಈ ಸಂಗತಿಗಳು ನಿಜವಾದರೆ ಜೀವಜಾತಿಗಳು ಬದಲಾಗದೆ ನಿಂತಿವೆಯೆಂಬ ನಂಬಿಕೆಯು ಅಲುಗಾಡುವುದೆಂದು ಟಿಪ್ಪಣಿ ಬರೆದುಕೊಂಡರು. ೧೮೩೭ರಲ್ಲಿ ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ ಅವರು ಪರೀಕ್ಷಿಸಿ, ಅಣಕುಹಕ್ಕಿಗಳಲ್ಲಿ ಮೂರು ಪ್ರತ್ಯೇಕ ಜಾತಿಗಳಿವೆಯೆಂದೂ, ಬೇರೆ ಬೇರೆ ಕುಲಗಳವೆಂದು ಡಾರ್ವಿನ್ನರು ತಿಳಿದಿದ್ದ ಚಿಕ್ಕ ಹಕ್ಕಿಗಳು ಒಂದೇ ಬಳಗದ ಫಿಂಚ್‌ಗಳೆಂದೂ ತೀರ್ಮಾನಿಸಿದರು. ಯಾವ ಫಿಂಚ್ ಯಾವ ದ್ವೀಪದ್ದು? ಡಾರ್ವಿನ್ನರ ಬಳಿ ಉತ್ತರವಿರಲಿಲ್ಲ. ಅವರು ಸಂಕೋಚಪಡದೆ ಕ್ಯಾಪ್ಟನ್ನರನ್ನೂ ತಮ್ಮ ಸೇವಕ ಸಿಮ್ಸ್ ಕವಿಂಗ್‌ಟನ್ನನನ್ನೂ ಕೇಳಿದರು. ದ್ವೀಪದ ಹೆಸರನ್ನು ಬರೆದಿಡುವ ಎಚ್ಚರಿಕೆಯನ್ನು ಆ ಇಬ್ಬರೂ ತೋರಿದ್ದರು!

ಸಸ್ಯಗಳ ವಿಷಯದಲ್ಲಾದರೆ ಗುರುವಿನ ಪಾಠವು ಶಿಷ್ಯರನ್ನು ಕಾಪಾಡಿತು. ಗಿಡಮೂಲಿಕೆಗಳಿಗೆ ಡಾರ್ವಿನ್ನರು ದ್ವೀಪದ ಹೆಸರನ್ನು ಬರೆದಿಟ್ಟಿದ್ದರು. ಮುಂದೆ ಜೋಸೆಫ್ ಹೂಕರ್ ಅವರು ಅವನ್ನು ಪರಿಶೀಲಿಸಿ, ಅನೇಕ ಸಸ್ಯಗಳು ಒಂದೊಂದೇ ದ್ವೀಪಕ್ಕೆ ಸೀಮಿತವಾದವೆಂಬುದನ್ನು ಖಚಿತಪಡಿಸಿದಾಗ ಲಾಸನ್ನರ ಮಾತಿನ ಸತ್ಯವು ಬೇರೊಂದು ದಾರಿಯಿಂದ ಸ್ಥಾಪಿತವಾಯಿತು. ತಮ್ಮ ಪ್ರವಾಸಕಥನದಲ್ಲಿ ಡಾರ್ವಿನ್ನರು ಲಾಸನ್ನರ ಹೆಸರನ್ನು ಹೇಳಿ, ತಾವು ಸಕಾಲದಲ್ಲಿ ಲಕ್ಷ್ಯವಿಡದೆ ಸಂಗ್ರಹಗಳನ್ನು ಬೆರೆಸಿದುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

೧೮೩೮ರಲ್ಲಿ ಮಾಲ್ತಸ್ ಎಂಬ ಅರ್ಥಶಾಸ್ತ್ರಜ್ಞರ ಜನಸಂಖ್ಯಾವಿಚಾರದ ಗ್ರಂಥವನ್ನು ಓದುವಾಗ ಬದಲಾವಣೆಯ ಕ್ರಮವು ಅವರಿಗೆ ಹೊಳೆಯಿತು. ಬದುಕುಳಿಯುವುದಕ್ಕಿಂತ ಹೆಚ್ಚು ಮರಿಗಳು ಎಲ್ಲ ಜೀವಿಗಳಲ್ಲಿಯೂ ಹುಟ್ಟುತ್ತವೆ. ಒಂದು ಮರಿಯಂತೆ ಇನ್ನೊಂದಿಲ್ಲ. ಈ ಅಲ್ಪಭೇದಗಳಲ್ಲಿ ಕೆಲವು ಸಂತತಿಗೆ ಸಾಗುತ್ತವೆ. ಇದ್ದ ನೆಲೆಗೆ ಹೆಚ್ಚು ಒಗ್ಗಿದವು ಉಳಿದು ಹೆಚ್ಚು ಸಂತಾನ ಪಡೆಯುತ್ತವೆ. ತಲೆಮಾರುಗಳು ಸಾಗಿದಂತೆ ಭೇದವು ಬಲಿತು ಬೇರೊಂದು ಜಾತಿಯೇ ಆಗುತ್ತದೆ. ಇದಕ್ಕೆ ನಿಸರ್ಗದ ಆಯ್ಕೆಯೆಂದು ಹೆಸರು. ಆಮೆಗಳನ್ನೇ ನೋಡಬಹುದು. ಹಸುರು ಹುಲ್ಲು ಸಮೃದ್ಧವಾಗಿರುವ ಎತ್ತರದ ದ್ವೀಪಗಳಲ್ಲಿ ಅವುಗಳ ಚಿಪ್ಪು ಗುಮ್ಮಟದಂತೆ ದುಂಡಗಿರುತ್ತದೆ. ಒಣದ್ವೀಪಗಳಲ್ಲಿ ಮೇವೆಂದರೆ ಎತ್ತರದ ಪಾಪಾಸುಕಳ್ಳಿ; ಅಲ್ಲಿನ ಆಮೆಗಳ ಚಿಪ್ಪು ಕುದುರೆಯ ಜೀನಿನಂತೆ ಮುಂದುಗಡೆ ಮೇಲೆದ್ದಿದೆ, ಕೊರಳು ಕಾಲುಗಳು ನೀಳವಾಗಿವೆ. ಲಾಸನ್ನರು ಒಂದೇ ನೋಟದಲ್ಲಿ ಗುರುತಿಸುತ್ತಿದ್ದುದು ಇಂತಹ ಭೇದಗಳನ್ನೇ. ಇವೆಲ್ಲ ದಕ್ಷಿಣ ಅಮೆರಿಕೆಯಿಂದ ಬಂದ ಒಂದೇ ಮೂಲದ ಸಂತತಿಗಳೆಂದೂ, ಇಂದು ಬದುಕಿರುವ ಹತ್ತಿರದ ನಂಟರು ಆ ಖಂಡದ ಚಿಕ್ಕ ನೆಲದಾಮೆಗಳೆಂದೂ ಆಧುನಿಕ ವಂಶವಾಹಿ ಪರೀಕ್ಷೆಗಳು ತೋರಿಸಿವೆ.

ಗೃಹಸ್ಥಾಶ್ರಮ ಹಾಗೂ ಗ್ರಂಥರಚನೆ

೧೮೩೯ರ ಜನವರಿಯಲ್ಲಿ ಡಾರ್ವಿನ್ನರು ಸೋದರಮಾವನ ಮಗಳಾದ ಎಮ್ಮಾ ವೆಜ್‌ವುಡ್ ಅವರನ್ನು ಮದುವೆಯಾದರು. ೧೮೪೨ರಲ್ಲಿ ಲಂಡನ್ನಿನ ಹೊರವಲಯದ ಡೌನ್ ಗ್ರಾಮದಲ್ಲಿ ನೆಲೆಸಿ, ಜೀವಿತದ ಉಳಿದ ನಲವತ್ತು ವರ್ಷಗಳನ್ನು ಅಲ್ಲಿಯೇ ಕಳೆದರು. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲಿಯೇ ತೀರಿಕೊಂಡರು. ೧೮೫೧ರಲ್ಲಿ ಹತ್ತು ವರ್ಷದ ಪುತ್ರಿ ಆ್ಯನಿಯನ್ನು ಕಳೆದುಕೊಂಡ ದುಃಖವು ಕೊನೆಯವರೆಗೂ ಆರಲಿಲ್ಲ. ಅವರ ದೇಹಾರೋಗ್ಯವೂ ಕೆಟ್ಟಿದ್ದಿತು. ಅನೇಕ ದಿನಗಳಲ್ಲಿ ಕೆಲವು ಗಂಟೆಗಳ ಕೆಲಸವೇ ಅಸಾಧ್ಯವಾಗುತ್ತಿದ್ದಿತು.

ಸಿದ್ಧಾಂತದ ರೂಪರೇಖೆಯನ್ನು ೧೮೪೨ರಲ್ಲಿಯೂ ವಿಸ್ತೃತ ಪ್ರಬಂಧವನ್ನು ೧೮೪೪ರಲ್ಲಿಯೂ ಬರೆದಿಟ್ಟರೂ ಅವರು ಪ್ರಕಟಿಸಲು ಆತುರಪಡಲಿಲ್ಲ. ಬಂಡೆಗಂಟುವ ಬಾರ್ನಕಲ್ ಎಂಬ ಕಡಲಜೀವಿಗಳ ಅಧ್ಯಯನಕ್ಕೇ ಎಂಟು ವರ್ಷ ಮುಡಿಪಿಟ್ಟರು. ಜೀವಿಗಳು ದೂರದ ದ್ವೀಪಗಳಿಗೆ ಹೇಗೆ ಸೇರುತ್ತವೆಂಬುದನ್ನು ಅರಿಯಲು ಬೀಜಗಳನ್ನು ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಹಾಕಿ, ತರುವಾಯ ಬಿತ್ತಿ ಮೊಳಕೆಯೊಡೆಯುವುದನ್ನು ನೋಡಿದರು. ೧೮೫೫ರಲ್ಲಿ ಅವರಿಗೆ ಓತಿ ಮತ್ತು ಹಾವುಗಳ ಮೊಟ್ಟೆ ಬೇಕಾದವು. ಸಮುದ್ರದ ನೀರಿನಲ್ಲಿ ಅವು ತೇಲುವವೇ, ಜೀವ ಉಳಿಸಿಕೊಳ್ಳುವವೇ ಎಂದು ಪರೀಕ್ಷಿಸುವುದು ಉದ್ದೇಶ. ಇದಕ್ಕಾಗಿ ಶಾಲೆಯ ಹುಡುಗರಿಗೆ ಮೊಟ್ಟೆಗೆ ಪ್ರತಿಯಾಗಿ ಷಿಲಿಂಗ್ ಬಹುಮಾನ ಕೊಡುವುದಾಗಿ ಮಿತ್ರರೊಬ್ಬರಿಗೆ ಬರೆದರು. ಜಗದ್ವಿಖ್ಯಾತವಾಗಲಿದ್ದ ಗ್ರಂಥದ ಕರ್ತೃವು ಶಾಲಾಬಾಲಕರ ನೆರವನ್ನು ಬಯಸಿದುದು ವಿದ್ಯಾಸಂಸ್ಥೆಗಳವರು ನೆನೆಯತಕ್ಕ ಸಂಗತಿ.

ಮಲಯ ದ್ವೀಪಗಳಲ್ಲಿ ಸಂಚರಿಸುತ್ತಿದ್ದ ಆಲ್‌ಫ್ರೆಡ್ ರಸಲ್ ವಾಲೇಸರು ಸ್ವತಂತ್ರವಾಗಿ ಅದೇ ತತ್ತ್ವವನ್ನು ಕಂಡುಕೊಂಡು ಬರೆದ ಪ್ರಬಂಧವು ೧೮೫೮ರ ಜೂನ್ ತಿಂಗಳಲ್ಲಿ ಡಾರ್ವಿನ್ನರ ಕೈಸೇರಿತು. ಇಬ್ಬರ ಬರಹಗಳನ್ನೂ ಜೊತೆಯಾಗಿ ಜುಲೈ ೧ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಲಾಯಿತು. ಮೂರು ದಿನಗಳ ಹಿಂದೆ ಕಿರಿಯ ಮಗುವನ್ನು ಕಳೆದುಕೊಂಡಿದ್ದ ಡಾರ್ವಿನ್ನರು ಆ ಸಭೆಗೆ ಹೋಗಲಿಲ್ಲ. ಇಬ್ಬರ ನಡುವೆ ಮತ್ಸರಕ್ಕೆ ಎಡೆಯಾಗದೆ ಜೀವನಪರ್ಯಂತ ಗೌರವವು ಉಳಿದುಬಂದಿತು. ೧೮೫೯ರ ನವೆಂಬರ್ ೨೪ರಂದು ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥವು ಪ್ರಕಟವಾಯಿತು. ಅಚ್ಚಾದ ೧,೨೫೦ ಪ್ರತಿಗಳಿಗೆ ಪುಸ್ತಕ ವ್ಯಾಪಾರಿಗಳಿಂದ ಕೂಡಲೇ ಬೇಡಿಕೆ ಬಂದಿತು.

ಕನ್ನಡ ನಾಡಿನ ಒಂದು ಎಳೆ

ಆ ಗ್ರಂಥದ ಮೊದಲ ಅಧ್ಯಾಯದಲ್ಲಿ, ಭಾರತದಿಂದ ಪಾರಿವಾಳಗಳ ಚರ್ಮಗಳನ್ನು ಕಳುಹಿಸಿದುದಕ್ಕಾಗಿ ವಾಲ್ಟರ್ ಎಲಿಯಟ್ ಎಂಬವರನ್ನು ಡಾರ್ವಿನ್ನರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ. ೧೮೨೪ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನವರ ಪಡೆಯು ಧಾರವಾಡದ ಕಲೆಕ್ಟರ್ ಥ್ಯಾಕರೆಯವರನ್ನು ಯುದ್ಧದಲ್ಲಿ ಕೆಡವಿದಾಗ ಸೆರೆಸಿಕ್ಕ ಇಬ್ಬರು ಯುವಕ ಅಧಿಕಾರಿಗಳಲ್ಲಿ ಎಲಿಯಟ್ಟರು ಒಬ್ಬರು. ಪ್ರಾಣಹಾನಿಯಿಲ್ಲದೆ ಬಿಡುಗಡೆ ಹೊಂದಿದ ಅವರು ೧೮೩೩ರವರೆಗೆ ಧಾರವಾಡ ಸೀಮೆಯಲ್ಲಿದ್ದು, ನಾಡಿನ ಐನೂರಕ್ಕೂ ಹೆಚ್ಚು ಶಾಸನಗಳ ಪಾಠಗಳನ್ನು ಸಂಗ್ರಹಿಸಿ, ಚಾಲುಕ್ಯರ ಇತಿಹಾಸಸಂಶೋಧನೆಗೆ ತಳಹದಿ ಹಾಕಿದರು. ಆ ಸೀಮೆಯ ಸಸ್ತನಿಗಳನ್ನು ಕುರಿತು ೧೮೩೯ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ದೇಶೀಯ ಹೆಸರುಗಳಿಗೂ ಸ್ಥಾನವಿತ್ತು. ಮದರಾಸಿನಲ್ಲಿ ಉನ್ನತ ಹುದ್ದೆಯಲ್ಲಿದ್ದಾಗ, ೧೮೫೬ರಲ್ಲಿ ಡಾರ್ವಿನ್ನರ ಕೋರಿಕೆಯಂತೆ ಸಾಕುಹಕ್ಕಿಗಳ ಚರ್ಮಗಳನ್ನು ಕಳುಹಿಸಿದರು. ಮನುಷ್ಯನು ಆರಿಸಿ ಸಾಕಿದುದರಿಂದ ಒಂದು ಕಾಡುಪಾರಿವಾಳದಿಂದ ಎಷ್ಟು ತಳಿಗಳಾಗಿವೆಯೆಂಬುದು ನಿಸರ್ಗದ ಆಯ್ಕೆಯ ವಾದಕ್ಕೆ ಮುಖ್ಯವಾದ ಉಪಮಾನವಾಗಿದ್ದಿತು.

ಸರೀಸೃಪಗಳ ಲೋಕದಲ್ಲಿಯೂ ಎಲಿಯಟ್ಟರ ಹೆಸರು ನಿಂತಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್‌ಬರ್ಟ್ ಗುಂಥರರು ೧೮೬೪ರಲ್ಲಿ ಪಶ್ಚಿಮ ಘಟ್ಟಗಳ ಒಂದು ಮರದ ಓತಿಗೆ ಎಲಿಯಟ್ಟರ ಹೆಸರನ್ನಿಟ್ಟರು. ಅದೇ ಗುಂಥರರು ೧೮೭೭ರಲ್ಲಿ ದ್ವೀಪಗಳ ದೈತ್ಯಾಮೆಗಳನ್ನು ಕುರಿತು ಶಾಸ್ತ್ರೀಯ ಗ್ರಂಥವನ್ನು ರಚಿಸಿ, ಡಾರ್ವಿನ್ನರಿಗೆ ಅಂದು ದೊರೆಯದ ಚಿಪ್ಪುಗಳ ವಿವರವನ್ನು ವ್ಯವಸ್ಥಿತವಾಗಿ ವಿದ್ವಲ್ಲೋಕದ ಮುಂದಿಟ್ಟರು.

ಕೊನೆಯ ವರ್ಷಗಳು

ಗ್ರಂಥವು ಎಬ್ಬಿಸಿದ ವಾದವಿವಾದಗಳ ಸಭೆಗಳಿಗೆ ಡಾರ್ವಿನ್ನರು ಹೋಗುತ್ತಿರಲಿಲ್ಲ. ನಿಂದೆಗೆ ಪ್ರತಿನಿಂದೆಯಿಲ್ಲದೆ ತಮ್ಮ ತೋಟದಲ್ಲಿ ಬಳ್ಳಿಗಳನ್ನೂ ಕೀಟಭಕ್ಷಕ ಸಸ್ಯ
ಗಳನ್ನೂ ಪರೀಕ್ಷಿಸುತ್ತಿದ್ದರು. ೧೮೭೧ರಲ್ಲಿ ಮಾನವನ ಮೂಲವನ್ನು ಕುರಿತ ಗ್ರಂಥವೂ, ೧೮೮೧ರಲ್ಲಿ ಎರೆಹುಳುಗಳು ನೆಲವನ್ನು ಹದಗೊಳಿಸುವ ಬಗೆಯನ್ನು ಕುರಿತ ಕೊನೆಯ ಗ್ರಂಥವೂ ಹೊರಬಂದವು. ೧೮೮೨ರ ಏಪ್ರಿಲ್ ೧೯ರಂದು ಡೌನ್ ಗ್ರಾಮದ ಮನೆಯಲ್ಲಿ ದೇಹತ್ಯಾಗ ಮಾಡಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಅವರ ಸಮಾಧಿಯಿದೆ.

ಆಮೆಗಳಿಗಾದ ಗತಿ

ಡಾರ್ವಿನ್ನರ ತಪ್ಪು ತಿದ್ದಿತು. ಲೋಕದ ತಪ್ಪು ಅಷ್ಟು ಸುಲಭವಾಗಿ ತಿದ್ದಲಿಲ್ಲ. ಆಹಾರ ನೀರುಗಳಿಲ್ಲದೆ ಒಂದು ವರ್ಷದವರೆಗೂ ಬದುಕಬಲ್ಲ ಗುಣವೇ ಆಮೆಗೆ ಮುಳುವಾಯಿತು. ತಿಮಿಂಗಿಲ ಬೇಟೆಯ ಹಡಗುಗಳು ಅವನ್ನು ಜೀವಂತ ಮಾಂಸದ ಉಗ್ರಾಣದಂತೆ ತುಂಬಿಸಿಕೊಂಡು ಹೋದವು. ಹಿಂದೆ ಒಂದೊಂದು ಹಡಗು ಏಳುನೂರರವರೆಗೂ ಕೊಂಡೊಯ್ದುದುಂಟೆಂದು ಡಾರ್ವಿನ್ನರಿಗೇ ಅಲ್ಲಿ ತಿಳಿದುಬಂದಿತ್ತು. ಒಟ್ಟಾರೆ ಒಂದು ಲಕ್ಷಕ್ಕೂ ಹೆಚ್ಚು ಆಮೆಗಳು ಹೀಗೆ ನಾಶವಾದುವೆಂದು ಅಂದಾಜು. ಲಾಸನ್ನರ ನೆಲೆಯಾಗಿದ್ದ ಫ್ಲೋರಿಯಾನಾದ ಆಮೆಜಾತಿಯು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆ ದ್ವೀಪದಿಂದ ಅಳಿಸಿಹೋಯಿತು. ಪಿಂಟಾ ದ್ವೀಪದ ಕೊನೆಯ ಆಮೆಯು ೧೯೭೧ರಲ್ಲಿ ಒಂಟಿಯಾಗಿ ಪತ್ತೆಯಾಗಿ, ಜೊತೆಯಿಲ್ಲದೆ ಬಾಳಿ, ೨೦೧೨ರ ಜೂನ್ ೨೪ರಂದು ತೀರಿಕೊಂಡಿತು. ಡೇರೆಗೆ ಜಾಗವಿಲ್ಲದಷ್ಟು ಇದ್ದ ಸಾಂಟಿಯಾಗೊ ದ್ವೀಪದ ಹಳದಿ ಇಗ್ವಾನಾಗಳೂ ನಿರ್ನಾಮವಾದವು.

ಉಳಿಸುವ ಪ್ರಯತ್ನವೂ ನಡೆದಿದೆ. ಡಾರ್ವಿನ್ನರ ಗ್ರಂಥಕ್ಕೆ ನೂರು ವರ್ಷ ತುಂಬಿದ ೧೯೫೯ರಲ್ಲಿ ಈ ದ್ವೀಪಗಳು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದವು. ೧೯೭೮ರಲ್ಲಿ ವಿಶ್ವಪರಂಪರೆಯ ತಾಣಗಳ ಮೊದಲ ಪಟ್ಟಿಗೆ ಸೇರಿದವು. ಎಸ್ಪನ್ಯೋಲಾ ದ್ವೀಪದಲ್ಲಿ ಹದಿನಾಲ್ಕೇ ಉಳಿದಿದ್ದ ಆಮೆಗಳನ್ನು ಹಿಡಿದು ತಂದು, ಅಮೆರಿಕೆಯ ಮೃಗಾಲಯವೊಂದರಲ್ಲಿದ್ದ ಅದೇ ಜಾತಿಯ ಗಂಡಾಮೆಯನ್ನು ಕೂಡಿಸಿ ಸಾಕಿದುದರಿಂದ ಸುಮಾರು ಎರಡು ಸಾವಿರ ಮರಿಗಳು ತಮ್ಮ ದ್ವೀಪಕ್ಕೆ ಮರಳಿವೆ. ೨೦೧೯ರಲ್ಲಿ ಸಾಂಟಿಯಾಗೊ ದ್ವೀಪಕ್ಕೆ ನೆರೆಯ ನೆಲೆಯೊಂದರಿಂದ ಸಾವಿರಕ್ಕೂ ಹೆಚ್ಚು ಹಳದಿ ಇಗ್ವಾನಾಗಳನ್ನು ತಂದು ಬಿಡಲಾಯಿತು. ಯಾವುದು ಯಾವ ದ್ವೀಪದ್ದೆಂಬ ತಿಳಿವಳಿಕೆಯಿಲ್ಲದಿದ್ದರೆ ಈ ಪುನರುದ್ಧಾರವು ಸಾಧ್ಯವಾಗುತ್ತಿರಲಿಲ್ಲ.

ಈ ವಿವೇಕವು ಕನ್ನಡ ನಾಡಿಗೂ ಅಗತ್ಯವಾದುದು. ಒಣಸೀಮೆಯ ಕುರುಚಲಿನಲ್ಲಿ ಬಾಳುವ ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದರೂ ಕಳ್ಳಸಾಗಣೆಯ ಪೆಟ್ಟಿಗೆಗಳಲ್ಲಿ ಅವು ಸಿಕ್ಕಿಬೀಳುತ್ತಲೇ ಇರುತ್ತವೆ. ಅವನ್ನು ಬಿಡಿಸಿದ ಬಳಿಕ ಎದುರಾಗುವ ಕಷ್ಟದ ಪ್ರಶ್ನೆ, ಅವನ್ನು ಎಲ್ಲಿಗೆ ಬಿಡಬೇಕೆಂಬುದು. ಬೇರೆ ಬೇರೆ ಸೀಮೆಗಳ ಆಮೆಗಳಲ್ಲಿ ವಂಶಭೇದವಿರುವುದರಿಂದ ತವರು ತಿಳಿಯದ ಆಮೆಯನ್ನು ಸಿಕ್ಕಲ್ಲಿ ಬಿಡುವಂತಿಲ್ಲ. ಬೆಂಗಳೂರಿನ ಸುತ್ತಲ ಬಂಡೆಗಳ ಮೇಲೆ ಕೆಂಪು ಹಳದಿಯ ಬೆನ್ನನ್ನು ಮೆರೆಸುವ ಬಂಡೆ ಓತಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಭ್ಯಸಿಸಿ, ಊರಂಚಿನ ಓತಿಗಳು ಸುರಕ್ಷಿತವಾದ ಅಡಗುತಾಣವನ್ನು ಹಳ್ಳಿಗಾಡಿನವುಗಳಿಗಿಂತ ಬೇಗ ಕಲಿಯುವುದನ್ನು ಕಂಡಿದ್ದಾರೆ. ಬೆಟ್ಟಹಲಸೂರಿನ ಕಡೆಯ ಕಲ್ಲುಗಣಿಗಳಿಂದ ಬಂಡೆಗಳು ಕರಗುತ್ತ, ಕೋಗಿಲು ಯಲಹಂಕಗಳ ಹೊಲಗಳು ಬಡಾವಣೆಗಳಾಗುತ್ತ ಬಂದಿರುವ ಈ ಸೀಮೆಯಲ್ಲಿ, ಯಾವ ಬಂಡೆಯ ಮೇಲೆ ಯಾವ ಜೀವಿಯಿತ್ತೆಂಬ ದಾಖಲೆಯನ್ನು ಬರೆದಿಡದಿದ್ದರೆ ಬಂಡೆಯೊಡನೆ ಆ ಸಾಕ್ಷ್ಯವೂ ಹೋಗುತ್ತದೆ.

ಆದುದರಿಂದ ಡಾರ್ವಿನ್ನರ ಜೀವಿತದಿಂದ ಶಾಲೆಗಳು ಪಡೆಯಬಹುದಾದ ಪಾಠವು ಆಚರಣೆಗೆ ಸುಲಭವಾದುದು. ವಿದ್ಯಾರ್ಥಿಯು ಒಂದು ಗರಿಯನ್ನೋ ಚಿಪ್ಪನ್ನೋ ಎಲೆಯನ್ನೋ ಹಿಡಿದು ಬಂದಾಗ, ಅದರ ಹೆಸರನ್ನು ಹೇಳಿಕೊಡುವ ಮೊದಲು ಅದು ಸಿಕ್ಕ ಸ್ಥಳವನ್ನೂ ದಿನವನ್ನೂ ಬರೆಯಿಸುವುದು ಉಪಾಧ್ಯಾಯರ ಕರ್ತವ್ಯ. ಊರಿನ ಕುರಿಗಾಹಿ, ರೈತ, ಕಲ್ಲುಕುಟಿಗರು ನುಡಿಯುವ ಮಾತನ್ನು ಓದುಬಾರದವರ ಮಾತೆಂದು ತಳ್ಳಿಹಾಕದೆ ಕೇಳಿಸಿಕೊಳ್ಳುವುದು ವಿದ್ಯಾವಂತರ ಕರ್ತವ್ಯ. ಕರಿಯ ಗುರುವೊಬ್ಬನಲ್ಲಿ ಪಾಠ ಕಲಿತು, ಗಡಿಪಾರಾದವರ ನೆಲೆಯ ಅಧಿಕಾರಿಯ ಮಾತನ್ನು ತಡವಾಗಿಯಾದರೂ ಗೌರವಿಸಿ, ಸೇವಕನ ಸಂಗ್ರಹದಿಂದ ತನ್ನ ಲೋಪವನ್ನು ತುಂಬಿಕೊಂಡು, ಶಾಲಾಬಾಲಕರಿಂದ ಮೊಟ್ಟೆಗಳನ್ನು ಬೇಡಿದ ಆ ಮಹನೀಯರ ದೊಡ್ಡತನವು ಅವರ ಸಿದ್ಧಾಂತದಷ್ಟೇ ಸ್ಮರಣೀಯವಾದುದು.